ಕಂಪ್ಯೂಟರಿಗೂ ಮೊಬೈಲಿಗೂ ತಗಲುವ ರೋಗಗಳು: ಲಕ್ಷಣ ಮತ್ತು ಹತೋಟಿ



ಅಡಿಕೆಯ ಕೊಳೆರೋಗ, ಭತ್ತದ ಬೆಂಕಿರೋಗ, ತೆಂಗಿನ ಕಾಂಡ ಸೋರುವ ರೋಗ ಇವುಗಳ ವಿಚಾರವನ್ನು ಈ ಪುಟದಲ್ಲಿ ನೀವು ಹಲವು ಸಲ ಓದಿದ್ದೀರಿ. ಈ ವಾರ ಬರೆಯುತ್ತಿರುವ ರೋಗ ಗಿಡಕ್ಕೆ ತಗಲುವುದಲ್ಲ, ಮನೆಯ ಕಂಪ್ಯೂಟರಿಗೆ ಮತ್ತು ಜೇಬಿನ ಮೊಬೈಲಿಗೆ ತಗಲುವುದು. ಕೃಷಿ ಅಧಿಕಾರಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಪಹಣಿ, ಬೆಳೆ ವಿಮೆ, ಸಹಾಯಧನ, ಕಿಸಾನ್ ಸಮ್ಮಾನ್ ಕಂತು, ಅಡಿಕೆ ಮಾರಿದ ಹಣ ಎಲ್ಲವೂ ಈಗ ಈ ಯಂತ್ರಗಳ ಮೂಲಕವೇ ಬಂದು ಹೋಗುತ್ತಿರುವುದರಿಂದ, ಇವಕ್ಕೆ ತಗಲಿದ ರೋಗ ಕೊನೆಗೆ ನಮ್ಮ ಬೇಸಾಯಕ್ಕೇ ತಗಲುತ್ತದೆ. ಅದನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ನಡೆದ ಸಂಗತಿ

ಕಳೆದ ಮುಂಗಾರಿಗೆ ಸ್ವಲ್ಪ ಮುಂಚೆ ಮೂರು ಎಕರೆ ಅಡಿಕೆ ತೋಟವಿರುವ ಹಿರಿಯರೊಬ್ಬರು ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದರು. ಮೈಲುತುತ್ತದ ವಿಚಾರ ಕೇಳಲು ಬಂದಿರಬೇಕೆಂದು ಕುಳ್ಳಿರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮೊಬೈಲನ್ನು ಮೇಜಿನ ಮೇಲಿಟ್ಟು, "ಸಾರ್, ಇದರಲ್ಲಿ ಏನೋ ಹೊಕ್ಕಿದೆ" ಎಂದರು.

ವಾಟ್ಸಾಪಿನಲ್ಲಿ ಅವರಿಗೆ ಒಂದು ಸಂದೇಶ ಬಂದಿತ್ತು. "ನಿಮ್ಮ ಕಿಸಾನ್ ಕಂತು ತಡೆಹಿಡಿಯಲಾಗಿದೆ, ಇದನ್ನು ಒತ್ತಿ ಕೆವೈಸಿ ಮಾಡಿಕೊಳ್ಳಿ" ಎಂದಿತ್ತು. ಕಳುಹಿಸಿದವರು ಪಕ್ಕದ ಊರಿನ ಪರಿಚಯಸ್ಥರೇ ಆದ್ದರಿಂದ ಸಂಶಯ ಬರಲಿಲ್ಲ. ಒತ್ತಿದರು. ಮೊಬೈಲು ಏನೇನೋ ಅನುಮತಿ ಕೇಳಿತು, ಎಲ್ಲಕ್ಕೂ ಒಪ್ಪಿಗೆ ಕೊಟ್ಟರು. ಮೂರನೆಯ ದಿನ ಬ್ಯಾಂಕಿಗೆ ಹೋದಾಗ ಖಾತೆಯಿಂದ ಎಂಬತ್ತೇಳು ಸಾವಿರ ರೂಪಾಯಿ ಹೋಗಿತ್ತು. ಅದು ಬೋರ್ಡೊ ಸಿಂಪಡಣೆಗೆ ಕೊನೆಗೌಡನ ಕೂಲಿಗೂ, ಮೈಲುತುತ್ತಕ್ಕೂ, ಸೊಸೈಟಿಯ ಬಡ್ಡಿಗೂ ಎಂದು ಎತ್ತಿಟ್ಟ ಹಣ.

ಇದಕ್ಕಿಂತ ದುಃಖದ ಸಂಗತಿಯೆಂದರೆ ಆಮೇಲೂ ಅವರು ಎರಡು ದಿನ ಯಾರಿಗೂ ಹೇಳಿರಲಿಲ್ಲ. "ಮಗನಿಗೆ ಹೇಗೆ ಹೇಳಲಿ ಸಾರ್? ಈ ವಯಸ್ಸಿನಲ್ಲಿ ಮೋಸ ಹೋದೆ ಎಂದರೆ ಊರಿನಲ್ಲಿ ನಗುತ್ತಾರೆ" ಎಂದರು. ಕೂಡಲೇ 1930ಕ್ಕೆ ಫೋನು ಮಾಡಿಸಿದೆ. ಅಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿಹೋಗಿತ್ತು. ಒಂದು ಖಾತೆಯಲ್ಲಿ ಉಳಿದಿದ್ದ ಹನ್ನೊಂದು ಸಾವಿರವನ್ನು ಮಾತ್ರ ತಡೆಹಿಡಿಯಲು ಸಾಧ್ಯವಾಯಿತು.

ವೈರಸ್ ಎಂದರೇನು?

ಬೆಂಡೆಯ ಹಳದಿ ನಂಜು ರೋಗವನ್ನು ನೀವೆಲ್ಲ ಕಂಡಿದ್ದೀರಿ. ನಂಜಾಣು ತಾನಾಗಿ ಗಿಡದಿಂದ ಗಿಡಕ್ಕೆ ನಡೆದು ಹೋಗುವುದಿಲ್ಲ, ಬಿಳಿನೊಣ ಅದನ್ನು ಹೊತ್ತು ಒಯ್ಯುತ್ತದೆ. ಗಿಡದ ಒಳಹೊಕ್ಕ ಮೇಲೆ ಗಿಡದ ಶಕ್ತಿಯಿಂದಲೇ ಬೆಳೆಯುತ್ತದೆ. ಕಂಪ್ಯೂಟರ್ ವೈರಸ್ಸೂ ಹಾಗೆಯೇ. ಅದು ಜೀವಾಣುವಲ್ಲ; ಕೆಟ್ಟ ಉದ್ದೇಶದಿಂದ ಯಾರೋ ಬರೆದಿಟ್ಟ ಆಜ್ಞೆಗಳ ಒಂದು ಕಟ್ಟು. ಒಳಹೊಕ್ಕ ಮೇಲೆ ಯಂತ್ರ ನಿಮ್ಮ ಮಾತಿನ ಜೊತೆಗೆ ಅದರ ಮಾತನ್ನೂ ಕೇಳುತ್ತದೆ.

ಈ ರೋಗ ಹೊಸದೇನೂ ಅಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ಎಂಬ ವೈರಸ್ ಫ್ಲಾಪಿಗಳ ಮೂಲಕ ದೇಶದೇಶಗಳಿಗೆ ಹರಡಿತ್ತು. ಆಗಿನ ವೈರಸ್ಸುಗಳಲ್ಲಿ ಹೆಚ್ಚಿನವು ಬರೆದವರ ಚಪಲಕ್ಕೆ ಹುಟ್ಟಿದವು. ಈಗಿನವುಗಳ ಗುರಿ ಹಣ. ಕೆಲವು ಗುಟ್ಟಾಗಿ ಕುಳಿತು ನಿಮ್ಮ ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಕದ್ದು ಕಳುಹಿಸುತ್ತವೆ. ಕೆಲವು ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿ, ಬೀಗದ ಕೈ ಬೇಕಾದರೆ ಇಷ್ಟು ಹಣ ಕೊಡಿ ಎನ್ನುತ್ತವೆ. ಎರಡನೆಯ ಜಾತಿಗೆ ರಾನ್ಸಮ್‌ವೇರ್ ಎಂದು ಹೆಸರು.

ರೋಗ ಹರಡುವ ಬಗೆ

ವಾಹಕವನ್ನು ಗುರುತಿಸಿದರೆ ಅರ್ಧ ಹತೋಟಿ ಆದಂತೆ. ಮುಖ್ಯ ವಾಹಕಗಳು ಇವು:

1. ಎಪಿಕೆ ಫೈಲು: ವಾಟ್ಸಾಪಿನಲ್ಲಿ ಬರುವ ಫೈಲಿನ ಹೆಸರಿನ ಕೊನೆಗೆ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಫೋಟೋ ಅಲ್ಲ, ಕಾಗದಪತ್ರವೂ ಅಲ್ಲ. ಮೊಬೈಲಿನಲ್ಲಿ ಹೊಸ ಆಪ್ ಕೂರಿಸುವ ಸಾಧನ. ಕಿಸಾನ್ ಕಂತು, ಮದುವೆಯ ಕರೆಯೋಲೆ, ವಾಹನದ ದಂಡ, ಬ್ಯಾಂಕ್ ಕೆವೈಸಿ ಹೀಗೆ ನಾನಾ ವೇಷದಲ್ಲಿ ಇದು ಬರುತ್ತದೆ. ಒಳಹೊಕ್ಕ ಕೂಡಲೇ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಒಟಿಪಿ ನಿಮಗಿಂತ ಮೊದಲು ಕಳ್ಳನಿಗೆ ತಲುಪುತ್ತದೆ. ಇಂಥ ಕೆಲವು ಆಪ್‌ಗಳು ನಿಮ್ಮ ಹೆಸರಿನಲ್ಲಿಯೇ ನಿಮ್ಮ ಬಂಧುಗಳಿಗೂ ಗುಂಪುಗಳಿಗೂ ಅದೇ ಫೈಲನ್ನು ರವಾನಿಸುತ್ತವೆ. ಮೇಲೆ ಹೇಳಿದ ಹಿರಿಯರಿಗೆ ಪರಿಚಯಸ್ಥರ ನಂಬರಿನಿಂದ ಸಂದೇಶ ಬಂದದ್ದು ಹೀಗೆ. ಕಳುಹಿಸಿದವರಿಗೇ ಅದು ಗೊತ್ತಿರಲಿಲ್ಲ.

2. ಪೆನ್‌ಡ್ರೈವ್: ಈ ವಿಷಯದಲ್ಲಿ ನನ್ನದೇ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎರಡು ಹಂಗಾಮಿನ ಪ್ರಾತ್ಯಕ್ಷಿಕೆ ತಾಕುಗಳ ಲೆಕ್ಕವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಅಚ್ಚು ಹಾಕಿಸಿದೆ. ಮನೆಗೆ ಬಂದು ನೋಡಿದರೆ ಕಡತಗಳ ಜಾಗದಲ್ಲಿ ಬಾಣದ ಗುರುತಿನ ಖಾಲಿ ಚಿತ್ರಗಳು. ಗಾಬರಿಯಲ್ಲಿ ಇಡೀ ಪೆನ್‌ಡ್ರೈವನ್ನು ಒರೆಸಿ ಹಾಕಿದೆ. ವೈರಸ್ ಕಡತಗಳನ್ನು ಅಳಿಸಿರಲಿಲ್ಲ, ಮರೆಮಾಡಿತ್ತು ಅಷ್ಟೇ ಎಂಬುದು ಆಮೇಲೆ ತಿಳಿಯಿತು. ಅಳಿಸಿದವನು ನಾನು. ಬೇರೆ ಪ್ರತಿ ಇರಲಿಲ್ಲ. ಸಾಲದ್ದಕ್ಕೆ, ಒರೆಸುವ ಮೊದಲು ಅದೇ ಪೆನ್‌ಡ್ರೈವನ್ನು ಹಾಲಿನ ಸೊಸೈಟಿಯ ಕಂಪ್ಯೂಟರಿಗೂ ಚುಚ್ಚಿ ನೋಡಿದ್ದೆ. ಅಲ್ಲಿಗೂ ರೋಗ ಹತ್ತಿತು. ರೋಗದ ತೋಟದ ಕತ್ತಿಯನ್ನು ತೊಳೆಯದೆ ಪಕ್ಕದ ತೋಟಕ್ಕೆ ಒಯ್ದಂತಾಯಿತು.

3. ಸುಳ್ಳು ಜಾಲತಾಣ: ಅಸಲಿನಂತೆಯೇ ಕಾಣುವ ಪುಟ ಮಾಡಿ, ಖಾತೆ ನಂಬರು, ಆಧಾರ್ ನಂಬರು, ಪಾಸ್‌ವರ್ಡ್ ಕೇಳುತ್ತಾರೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ತಾಣಗಳ ವಿಳಾಸ ಸಾಮಾನ್ಯವಾಗಿ 'ಗವ್ ಡಾಟ್ ಇನ್' ಎಂದು ಮುಗಿಯುತ್ತದೆ. ಆ ಅಕ್ಷರಗಳು ವಿಳಾಸದ ನಡುವೆ ಇದ್ದರೆ ಸಾಲದು, ತಾಣದ ಹೆಸರು ಅವುಗಳಿಂದಲೇ ಮುಗಿಯಬೇಕು.

4. ದೂರದಿಂದ ಪರದೆ ನೋಡುವ ಆಪ್: "ನಾನು ಬ್ಯಾಂಕಿನವನು, ಈ ಆಪ್ ಹಾಕಿಕೊಳ್ಳಿ, ಸರಿಮಾಡಿ ಕೊಡುತ್ತೇನೆ" ಎನ್ನುವವನಿಗೆ ಆ ಆಪ್ ಹಾಕಿಕೊಟ್ಟರೆ ನಿಮ್ಮ ಪರದೆಯ ಮೇಲೆ ಕಾಣುವುದೆಲ್ಲ ಅವನಿಗೂ ಕಾಣುತ್ತದೆ.

ರೋಗದ ಲಕ್ಷಣಗಳು

ಕಂಪ್ಯೂಟರು ಕಾರಣವಿಲ್ಲದೆ ಬಹಳ ನಿಧಾನವಾಗುವುದು, ತೆರೆಯದ ಜಾಹೀರಾತು ತಾನಾಗಿ ಮೂಡುವುದು, ಕಡತಗಳ ಹೆಸರು ಬದಲಾಗುವುದು ಅಥವಾ ತೆರೆಯದಿರುವುದು, ವೈರಸ್ ತಡೆಯುವ ತಂತ್ರಾಂಶ ತಾನಾಗಿ ನಿಂತಿರುವುದು ಇವು ಸಂಶಯದ ಚಿಹ್ನೆಗಳು. ಮೊಬೈಲಿನಲ್ಲಾದರೆ ಬೇಗ ಬಿಸಿಯಾಗುವುದು, ಬ್ಯಾಟರಿಯೂ ಡೇಟಾವೂ ಬೇಗ ಮುಗಿಯುವುದು, ನೀವು ಹಾಕದ ಆಪ್ ಇರುವುದು, ಹಾಕಿದ ಆಪಿನ ಚಿತ್ರ ಮಾಯವಾಗುವುದು, "ನೀವು ಏನು ಕಳುಹಿಸಿದ್ದೀರಿ?" ಎಂದು ಬಂಧುಗಳು ಕೇಳುವುದು.

ಬಿಸಿಯಾದ ಮೊಬೈಲೆಲ್ಲ ರೋಗದ್ದೆಂದು ತಿಳಿಯಬಾರದು. ಎಲೆ ಹಳದಿಯಾದದ್ದಕ್ಕೆಲ್ಲ ನಂಜು ಕಾರಣವಲ್ಲ, ಗೊಬ್ಬರದ ಕೊರತೆಯೂ ಇರಬಹುದಲ್ಲವೇ? ಎರಡು ಮೂರು ಲಕ್ಷಣ ಒಟ್ಟಿಗೆ ಕಂಡರೆ ತಿಳಿದವರಿಗೆ ತೋರಿಸಿ.

ಮುಂಜಾಗ್ರತೆ ಕ್ರಮಗಳು

ಮಳೆ ಹಿಡಿಯುವ ಮೊದಲೇ ಶೇಕಡಾ 1ರ ಬೋರ್ಡೊ ದ್ರಾವಣ ಹೊಡೆದರೆ ಕೊಳೆರೋಗ ಹತೋಟಿಯಲ್ಲಿರುತ್ತದೆ. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉದುರಿದ ಕಾಯಿ ತಿರುಗಿ ಗೊನೆ ಸೇರುವುದಿಲ್ಲ. ಇಲ್ಲಿಯೂ ಅದೇ ಮಾತು.

ಅಪ್‌ಡೇಟ್ ಮಾಡುವುದು: ಯಂತ್ರದ ತಂತ್ರಾಂಶದಲ್ಲಿ ಕಂಡುಬಂದ ಬಿರುಕುಗಳನ್ನು ಕಂಪನಿಯವರು ಆಗಾಗ ಮುಚ್ಚಿ ಕಳುಹಿಸುತ್ತಾರೆ. ಅದಕ್ಕೆ ಅಪ್‌ಡೇಟ್ ಎನ್ನುತ್ತಾರೆ. ಇದರ ಮಹತ್ವಕ್ಕೆ ಒಂದು ನಿದರ್ಶನ ಸಾಕು. 2017ರ ಮೇ 12ರಂದು 'ವಾನಾಕ್ರೈ' ಎಂಬ ರಾನ್ಸಮ್‌ವೇರ್ ಹರಡತೊಡಗಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೇ ಅಸ್ತವ್ಯಸ್ತವಾಯಿತು. ವಿಚಿತ್ರವೆಂದರೆ ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲಿ, ಬಿಡುಗಡೆ ಮಾಡಿತ್ತು. ಔಷಧ ಮನೆಯಲ್ಲಿತ್ತು, ಹೊಡೆದಿರಲಿಲ್ಲ. ಆದ್ದರಿಂದ 'ಅಪ್‌ಡೇಟ್' ಎಂದು ಯಂತ್ರ ಕೇಳಿದಾಗ 'ಆಮೇಲೆ' ಎಂದು ಮುಂದೂಡಬೇಡಿ. ಮನೆಯಲ್ಲಿ ಹಳೆಯ ಕಂಪ್ಯೂಟರಿದ್ದರೆ ಅದರಲ್ಲಿ ಯಾವ ವಿಂಡೋಸ್ ಇದೆ ಎಂದು ನೋಡಿಸಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಕಂಪನಿಯ ಸಾಮಾನ್ಯ ಬೆಂಬಲ ಮುಗಿದಿದೆ. ಬೆಂಬಲ ಮುಗಿದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

ವೈರಸ್ ತಡೆ: ಈಚಿನ ವಿಂಡೋಸಿನಲ್ಲಿ ವೈರಸ್ ತಡೆಯುವ ವ್ಯವಸ್ಥೆ ಅದರೊಳಗೇ ಇರುತ್ತದೆ, ಬೇರೆ ಹಣ ಕೊಡಬೇಕಿಲ್ಲ. ಅದನ್ನು ಯಾರೂ ನಿಲ್ಲಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಗ್ಗಕ್ಕೆ ಸಿಗುವ ಕಳ್ಳ ತಂತ್ರಾಂಶವನ್ನು ಹಾಕಿಸಬೇಡಿ. ಪರವಾನಗಿಯಿಲ್ಲದ ಅಂಗಡಿಯ ಬಿಡಿ ಬೀಜ ತಂದು ಬಿತ್ತಿದಂತೆ, ಬೆಳೆಯ ಜೊತೆ ಏನು ಮೊಳೆಯುವುದೋ ಹೇಳಲಾಗದು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ವೈರಸ್ ತೆಗೆಯುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಮೊಬೈಲಿನಲ್ಲಿ ಆಪ್ ಬೇಕಾದರೆ ಪ್ಲೇ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳಿ. ಸೆಟ್ಟಿಂಗಿನಲ್ಲಿ 'ಅಪರಿಚಿತ ಮೂಲದ ಆಪ್' ಎಂಬುದಕ್ಕೆ ಒಪ್ಪಿಗೆ ಇಲ್ಲದಂತೆ ಮಕ್ಕಳಿಂದ ಮಾಡಿಸಿಡಿ.

ಎರಡನೆಯ ಪ್ರತಿ: ಬಿತ್ತನೆ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ಇಡುವವರುಂಟೇ? ಲೆಕ್ಕಪತ್ರ, ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ, ಮನೆಯವರ ಫೋಟೋ ಇವುಗಳ ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿ ತೆಗೆದು ಕಪಾಟಿನಲ್ಲಿಡಿ. ಪ್ರತಿ ತೆಗೆದ ಮೇಲೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬಾರದು, ಬಿಟ್ಟರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ನಾನು ಈಗ ತಿಂಗಳ ಮೊದಲ ಭಾನುವಾರ ಈ ಕೆಲಸ ಮಾಡುತ್ತೇನೆ. ಕಳೆದುಕೊಂಡ ಎರಡು ಹಂಗಾಮಿನ ಲೆಕ್ಕ ಕಲಿಸಿದ ಪಾಠ ಇದು.

ಪಾಸ್‌ವರ್ಡ್: ಹುಟ್ಟಿದ ವರ್ಷ, ಮೊಬೈಲ್ ನಂಬರು, ಮಗಳ ಹೆಸರು ಇವು ಬೇಡ. ನಿಮಗೆ ಮಾತ್ರ ನೆನಪಿರುವ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸೇರಿಸಿ ಉದ್ದವಾಗಿ ಮಾಡಿಕೊಳ್ಳಿ. ಬ್ಯಾಂಕಿಗೊಂದು, ಈಮೇಲಿಗೊಂದು ಬೇರೆ ಇರಲಿ. ವಾಟ್ಸಾಪಿನಲ್ಲಿ 'ಎರಡು ಹಂತದ ಪರಿಶೀಲನೆ' ಎಂಬ ವ್ಯವಸ್ಥೆಯಿದೆ, ಅದನ್ನು ಚಾಲೂ ಮಾಡಿ ಆರು ಅಂಕಿಯ ಗುಟ್ಟು ಸಂಖ್ಯೆ ಇಡಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಾಗಲಿ ಅಂಗಡಿಯಲ್ಲಾಗಲಿ ಕಂಪ್ಯೂಟರ್ ಬಳಸಿದರೆ, ಏಳುವ ಮೊದಲು 'ಲಾಗ್ ಔಟ್' ಮಾಡಿ. ಇಳಿಸಿಕೊಂಡ ಆಧಾರ್, ಪಹಣಿಯ ಕಡತಗಳನ್ನು ಅಲ್ಲಿಂದ ಅಳಿಸಿ.

ಒಟಿಪಿ ಮತ್ತು ಪಿನ್: ಒಟಿಪಿ ಎಂಬುದು ನಿಮ್ಮ ಕಣಜದ ಬೀಗದ ಕೈ. ಬ್ಯಾಂಕಿನವರಾಗಲಿ ಇಲಾಖೆಯವರಾಗಲಿ ಫೋನಿನಲ್ಲಿ ಅದನ್ನು ಕೇಳುವುದಿಲ್ಲ. ಯುಪಿಐ ಪಿನ್ ಹಾಕಬೇಕಾದದ್ದು ಹಣ ಕೊಡುವಾಗ ಮತ್ತು ಖಾತೆಯ ಬಾಕಿ ನೋಡುವಾಗ. ಹಣ ಬರುವುದಕ್ಕೆ ಪಿನ್ ಬೇಡ, ಕ್ಯೂಆರ್ ಚಿತ್ರಕ್ಕೆ ಮೊಬೈಲು ಹಿಡಿಯುವುದೂ ಬೇಡ. ನಿಮ್ಮ ಹಳೆಯ ಟಿಲ್ಲರ್ ಕೊಳ್ಳುತ್ತೇನೆಂದು ಹೇಳಿ "ಮುಂಗಡ ಕಳುಹಿಸುತ್ತೇನೆ, ಪಿನ್ ಒತ್ತಿ" ಎನ್ನುವವನು ನಿಮ್ಮಿಂದಲೇ ಹಣ ಎಳೆಯುವವನು.

ಹೆಬ್ಬೆರಳು: ಆಧಾರ್ ಜೋಡಣೆಯಾದ ಖಾತೆಯಿಂದ ಬೆರಳಚ್ಚು ಕೊಟ್ಟು ಹಣ ಪಡೆಯುವ ಅನುಕೂಲ ಹಳ್ಳಿಗಳಲ್ಲಿದೆ. ಇದಕ್ಕೆ ಒಟಿಪಿ ಬೇಕಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ಮಂಗಳೂರು ಮುಂತಾದ ಕಡೆ, ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚಿನ ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು ವರದಿಯಾದವು. ಇದಕ್ಕೆ ಪರಿಹಾರವಾಗಿ ಆಧಾರ್ ಪ್ರಾಧಿಕಾರದ ತಾಣದಲ್ಲಿ ಅಥವಾ ಅದರ ಅಧಿಕೃತ ಆಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಆಧಾರಿಗೆ ನಿಮ್ಮ ಮೊಬೈಲ್ ನಂಬರು ಜೋಡಣೆಯಾಗಿರಬೇಕು. ಬೀಗ ಹಾಕಿದ ಮೇಲೆ ಪಡಿತರ ಅಂಗಡಿಯಲ್ಲಿಯೂ ಹೆಬ್ಬೆರಳು ನಡೆಯುವುದಿಲ್ಲವಾದ್ದರಿಂದ, ಹೋಗುವ ಮೊದಲು ತೆರೆದು, ಬಂದ ಮೇಲೆ ಮತ್ತೆ ಹಾಕಬೇಕು. ಮನೆಯಲ್ಲಿ ಇದನ್ನು ಮಾಡಿಕೊಡುವವರು ಒಬ್ಬರು ಇರುವುದು ಒಳ್ಳೆಯದು. ಸಂಶಯವಿದ್ದರೆ 1947ಕ್ಕೆ ಫೋನು ಮಾಡಿ ಕೇಳಬಹುದು.

ಕಿಸಾನ್ ಸಮ್ಮಾನ್ ಬಗ್ಗೆ ಒಂದು ಮಾತು

ವರ್ಷಕ್ಕೆ 6,000 ರೂಪಾಯಿ, ತಲಾ 2,000ದಂತೆ ಮೂರು ಕಂತಿನಲ್ಲಿ ಬರುವ ಈ ಹಣಕ್ಕೆ ಕೆವೈಸಿ ಬೇಕೆಂಬುದು ನಿಜ. ಆ ನಿಜದ ಬೆನ್ನೇರಿಯೇ ಸುಳ್ಳು ಬರುತ್ತದೆ. ಕೆವೈಸಿಯನ್ನು ಯೋಜನೆಯ ಸರ್ಕಾರಿ ತಾಣದಲ್ಲಿ ಒಟಿಪಿ ಮೂಲಕ, ಪ್ಲೇ ಸ್ಟೋರಿನಲ್ಲಿರುವ ಅಧಿಕೃತ ಆಪಿನಲ್ಲಿ ಮುಖ ತೋರಿಸಿ, ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮಾಡಿಸಬಹುದು. ವಾಟ್ಸಾಪಿನಲ್ಲಿ ಆಪ್ ಕಳುಹಿಸಿ ಕೆವೈಸಿ ಮಾಡಿಸುವ ಪದ್ಧತಿ ಇಲ್ಲ. ಕಂತು ನಿಂತಿದೆಯೆಂದು ಯಾರಾದರೂ ಹೇಳಿದರೆ ಮೊಬೈಲು ಒತ್ತುವ ಬದಲು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ನಿಮ್ಮ ಆಧಾರ್ ಅಥವಾ ಫ್ರೂಟ್ಸ್ ಸಂಖ್ಯೆ ಇದ್ದರೆ ನೋಡಿ ಹೇಳುತ್ತೇವೆ.

ರೋಗ ತಗಲಿದ ಮೇಲೆ ಮಾಡಬೇಕಾದದ್ದು

1. ಮೊದಲು ಮೊಬೈಲಿನ ಡೇಟಾ ಮತ್ತು ವೈಫೈ ನಿಲ್ಲಿಸಿ. ವಿಮಾನದ ಗುರುತಿನ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಸಂಪರ್ಕ ಕಡಿಯುತ್ತದೆ. ಆದರೂ ವೈಫೈ ನಿಂತಿದೆಯೇ ನೋಡಿ. ಕಂಪ್ಯೂಟರಾದರೆ ಇಂಟರ್‌ನೆಟ್ ತಂತಿ ಕಿತ್ತುಬಿಡಿ.

2. ಹಣ ಹೋಗಿದ್ದರೆ ಬೇರೆ ಫೋನಿನಿಂದ ಕೂಡಲೇ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ ಖಾತೆ, ಕಾರ್ಡು, ಯುಪಿಐ ಎಲ್ಲವನ್ನೂ ತಡೆಹಿಡಿಸಿ. ಹಣ ಕಳ್ಳನ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯುವುದೇ ಈ ವ್ಯವಸ್ಥೆಯ ಉದ್ದೇಶವಾದ್ದರಿಂದ ಇಲ್ಲಿ ಲೆಕ್ಕವಿಡಬೇಕಾದದ್ದು ದಿನಗಳನ್ನಲ್ಲ, ನಿಮಿಷಗಳನ್ನು.

3. ನಂತರ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಅಥವಾ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬಂದ ಸಂದೇಶ, ನಂಬರು, ಬ್ಯಾಂಕಿನ ವಿವರ ಅಳಿಸಬೇಡಿ, ಸಾಕ್ಷ್ಯಕ್ಕೆ ಬೇಕು.

4. ಬ್ಯಾಂಕಿಗೆ ಬರೆದುಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ರಿಜರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆಡೆಯ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ. ಗ್ರಾಹಕನ ಅಜಾಗ್ರತೆಯಿಂದಲೇ ಹೋಗಿದ್ದರೂ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಇಂಥ ನಿಯಮಗಳು ಕಾಲಕಾಲಕ್ಕೆ ಪರಿಷ್ಕಾರವಾಗುತ್ತವೆ. ಆದರೆ ಬೇಗ ತಿಳಿಸಿದವನಿಗೆ ಲಾಭ ಎಂಬುದಂತೂ ಸ್ಪಷ್ಟ.

5. ಇಷ್ಟಾದ ಮೇಲೆ ಆ ಆಪನ್ನು ತೆಗೆಸಿ. ನಂಜು ಹತ್ತಿದ ಬೆಂಡೆ ಗಿಡವನ್ನು ಕಿತ್ತು ಸುಡುವಂತೆ, ಮೊಬೈಲನ್ನು ಪೂರ್ತಿ ಒರೆಸಿ ಹೊಸದಾಗಿ ಮಾಡಿಸುವುದೇ ಖಚಿತ ಉಪಾಯ. ಪಾಸ್‌ವರ್ಡುಗಳನ್ನು ಬೇರೆ ಶುದ್ಧ ಯಂತ್ರದಿಂದ ಬದಲಾಯಿಸಿ. ನಿಮ್ಮ ನಂಬರಿನಿಂದ ಬಂದದ್ದನ್ನು ಒತ್ತಬೇಡಿರೆಂದು ಬಂಧುಗಳಿಗೆ ತಿಳಿಸಿ.

ಸಭೆಗಳಲ್ಲಿ ಕೇಳಿದ ಪ್ರಶ್ನೆಗಳು

ಪ್ರಶ್ನೆ: ನನ್ನದು ಗುಂಡಿಯ ಹಳೆಯ ಮೊಬೈಲು. ನನಗೇನು ಭಯ?
ಉತ್ತರ: ಎಪಿಕೆ ಭಯವಿಲ್ಲ. ಆದರೆ ಒಟಿಪಿ ಕೇಳುವ ಕರೆ ಅದಕ್ಕೂ ಬರುತ್ತದೆ, ಹೆಬ್ಬೆರಳಿನ ಮಾತೂ ಅನ್ವಯಿಸುತ್ತದೆ.

ಪ್ರಶ್ನೆ: ವಿಡಿಯೋ ಕರೆಯಲ್ಲಿ ಪೊಲೀಸ್ ವೇಷದವರು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದರೆ?
ಉತ್ತರ: ಕಾನೂನಿನಲ್ಲಿ ಅಂಥ ದಸ್ತಗಿರಿಯೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಕರೆ ಕಡಿದು ಮನೆಯವರಿಗೆ ಹೇಳಿ, 1930ಕ್ಕೆ ತಿಳಿಸಿ.

ಪ್ರಶ್ನೆ: ನನ್ನ ಹೆಸರಿನಲ್ಲಿ ಬೇರೆಯವರು ಸಿಮ್ ತೆಗೆದಿದ್ದರೆ ತಿಳಿಯುವುದು ಹೇಗೆ?
ಉತ್ತರ: ದೂರಸಂಪರ್ಕ ಇಲಾಖೆಯ 'ಸಂಚಾರ ಸಾಥಿ' ತಾಣದಲ್ಲಿ ನೋಡಬಹುದು. ಕಳೆದುಹೋದ ಮೊಬೈಲನ್ನು ಕೆಲಸಕ್ಕೆ ಬಾರದಂತೆ ತಡೆಯುವ ವ್ಯವಸ್ಥೆಯೂ ಅಲ್ಲಿದೆ.

ಕೊನೆಯ ಮಾತು

ಆ ಹಿರಿಯರು ಕಳೆದ ಮಳೆಗಾಲದಲ್ಲಿ ನೆಂಟರಿಂದ ಕೈಗಡ ತಂದು ಮೊದಲ ಸಿಂಪಡಣೆ ಮಾಡಿಸಿದರು. ಹತ್ತು ದಿನ ತಡವಾಯಿತು, ಸ್ವಲ್ಪ ಕಾಯಿ ಉದುರಿತು. ಮಗನಿಗೆ ಹೇಳಿದಾಗ ಅವನು ಬೈಯಲಿಲ್ಲವಂತೆ, "ಅಪ್ಪಯ್ಯ, ಅವತ್ತೇ ಹೇಳಬಾರದಿತ್ತೇ?" ಎಂದನಂತೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಅವರೇ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದರು. ಯಾರೂ ನಗಲಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ನನ್ನ ಬಳಿಗೆ ಬಂದು, ತಮಗೂ ಹೀಗೆಯೇ ಆಗಿತ್ತೆಂದು ಮೆಲ್ಲಗೆ ಹೇಳಿದರು. ಈ ಲೇಖನಕ್ಕೆ ಅವರ ಒಪ್ಪಿಗೆ ಕೇಳಿದಾಗ, "ಹೆಸರು ಬೇಡ ಸಾರ್, ವಿಷಯ ಬರೆಯಿರಿ" ಎಂದರು.

ಮೋಸ ಹೋದದ್ದು ತಪ್ಪಲ್ಲ, ಮುಚ್ಚಿಟ್ಟರೆ ನಷ್ಟ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಬೈಯಬೇಡಿ, ಬೈದರೆ ಮುಂದಿನ ಸಲ ಹೇಳುವುದಿಲ್ಲ. ಮೊದಲು ಫೋನು ಮಾಡಿ, ಆಮೇಲೆ ಮಾತು.

1930 ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿ. ವಾಚನಾಲಯದಲ್ಲಿ ಇದನ್ನು ಓದುತ್ತಿರುವವರು, ಓದು ಬಾರದ ನೆರೆಯವರಿಗೆ ಒಮ್ಮೆ ಓದಿ ಹೇಳಬೇಕೆಂದು ಕೋರುತ್ತೇನೆ.